ಬೆಲೆ ಬಿದ್ದ ದಿನ ಕೊಳ್ಳುವವರು ಯಾರು?

ಕಲ್ಲಡ್ಕದಿಂದ ಹೊರಟ ರಸ್ತೆ ವಿಟ್ಲ, ಅಡ್ಯನಡ್ಕಗಳನ್ನು ದಾಟಿ ಪೆರ್ಲ, ಬದಿಯಡ್ಕಗಳ ಮೂಲಕ ಚೆರ್ಕಳವನ್ನು ಸೇರುತ್ತದೆ. ಅಡ್ಯನಡ್ಕ ಕಳೆದ ಮೇಲೆ ಒಂದೆಡೆ ರಾಜ್ಯ ಬದಲಾಗುತ್ತದೆ. ಫಲಕಗಳ ಲಿಪಿ ಬದಲಾಗುತ್ತದೆ, ಸರ್ಕಾರಿ ಬಸ್ಸಿನ ಹೆಸರು ಬದಲಾಗುತ್ತದೆ. ರಸ್ತೆಯ ಇಕ್ಕೆಲದ ತೋಟಗಳು ಮಾತ್ರ ಬದಲಾಗುವುದಿಲ್ಲ. ಆಚೆಗೂ ಈಚೆಗೂ ಅದೇ ಅಡಿಕೆ, ಮಳೆಗಾಲದಲ್ಲಿ ಅದೇ ಕೊಳೆರೋಗ, ಅದಕ್ಕೆ ಅದೇ ಬೋರ್ಡೋ ದ್ರಾವಣ, ಬೇಸಿಗೆಯಲ್ಲಿ ಅಂಗಳದ ತುಂಬ ಒಣಗುವ ಅದೇ ಫಸಲು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಕಚೇರಿ, ನ್ಯಾಯಾಲಯ, ಶಾಲೆಗಳ ದಾರಿ ಬೇರೆಯಾಯಿತು. ಅಡಿಕೆಯ ದಾರಿ ಬೇರೆಯಾಗಲಿಲ್ಲ. ಅದು ಮೊದಲಿನಂತೆಯೇ ಮಂಗಳೂರಿನ ಮಾರುಕಟ್ಟೆಗೆ ಹೋಗುತ್ತಿತ್ತು, ಅಲ್ಲಿಂದ ಉತ್ತರ ಭಾರತಕ್ಕೆ ಸಾಗುತ್ತಿತ್ತು.

ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಎಷ್ಟೋ ಮನೆಗಳ ವರ್ಷದ ಲೆಕ್ಕಾಚಾರ ಈ ಒಂದು ಬೆಳೆಯ ಬೆಲೆಯ ಮೇಲೆ ನಿಂತಿದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ ಸುಮಾರು 540 ಗಿಡಗಳು ಹಿಡಿಯುತ್ತವೆ. ಅಂಥ ಒಂದು ತೋಟದಿಂದ ಹತ್ತು ಕ್ವಿಂಟಾಲ್ ಚಾಲಿ ಅಡಿಕೆ ಸಿಕ್ಕಿತೆಂದು ಭಾವಿಸೋಣ. ಕಿಲೋಗೆ 50 ರೂಪಾಯಿ ಬೆಲೆ ಇಳಿದರೆ ಆ ಮನೆಗೆ ಆಗುವ ನಷ್ಟ 50,000 ರೂಪಾಯಿ. ಮಕ್ಕಳ ಓದು, ಮನೆಯ ರಿಪೇರಿ, ಹಿರಿಯರ ಔಷಧಿ, ಇವುಗಳಲ್ಲಿ ಒಂದನ್ನು ಮುಂದಿನ ವರ್ಷಕ್ಕೆ ತಳ್ಳಬೇಕಾಗುತ್ತದೆ. ಭತ್ತ ಬೆಳೆಯುವವನು ಬೆಲೆ ಬಾರದಿದ್ದರೆ ಮುಂದಿನ ಸುಗ್ಗಿಗೆ ಬೇರೆ ಬೀಜ ಬಿತ್ತಬಹುದು. ಅಡಿಕೆ ಬೆಳೆಗಾರನಿಗೆ ಆ ಅನುಕೂಲವಿಲ್ಲ. ಗಿಡ ಫಲ ಕೊಡಲು ಐದಾರು ವರ್ಷ ಬೇಕು. ಫಲ ಕೊಡಲಾರಂಭಿಸಿದರೆ ದಶಕಗಳ ಕಾಲ ನಿಲ್ಲುತ್ತದೆ. ಒಂದು ವರ್ಷ ಬೆಲೆ ಕುಸಿಯಿತೆಂದು ಯಾರೂ ತೋಟ ಕಡಿಯಲಾರರು. ಮರಗಳು ಕೊಟ್ಟದ್ದನ್ನು ಕೊಯ್ದು, ಒಣಗಿಸಿ, ಸುಲಿದು, ಮಾರಲೇಬೇಕು. ಆಗ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಬೆಲೆ ಬಿದ್ದ ದಿನ ಕೊಳ್ಳುವವರು ಯಾರು?

ಸಹಕಾರ ಎಂಬ ಮಾತಿಗೆ ಪಠ್ಯಪುಸ್ತಕಗಳಲ್ಲಿ ಒಗ್ಗಟ್ಟು, ಪರಸ್ಪರ ನೆರವು ಎಂಬ ಅರ್ಥಗಳಿವೆ. ತೋಟದ ಮನೆಗಳಲ್ಲಿ ಅದರ ಅರ್ಥ ಇನ್ನಷ್ಟು ಖಚಿತ. ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಂಸ್ಥೆಯೇ ಸಹಕಾರ ಸಂಘ.

1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ತೀವ್ರವಾಗಿ ಕುಸಿಯಿತು. ಮಾರುಕಟ್ಟೆ ಬಹುಮಟ್ಟಿಗೆ ಖಾಸಗಿ ವ್ಯಾಪಾರಿಗಳ ಕೈಯಲ್ಲಿತ್ತು. ವ್ಯಾಪಾರಿ ಬೇಡವೆಂದರೆ ಚೀಲವನ್ನು ಮನೆಗೆ ಮರಳಿ ತರಬೇಕು, ಬೇಕೆಂದರೆ ಅವನು ಹೇಳಿದ್ದೇ ದರ. ಚಾಲಿ ಅಡಿಕೆಗೆ ಒಂದು ವಿಶೇಷ ಗುಣವಿದೆ: ಚೆನ್ನಾಗಿ ಒಣಗಿದ್ದರೆ ಅದನ್ನು ಬಹುಕಾಲ ಕೂಡಿಡಬಹುದು, ಹಳೆಯದಾದಷ್ಟೂ ಅದಕ್ಕೆ ಬೆಲೆ ಹೆಚ್ಚು. ಆದರೆ ಕಾಯಲು ಕೈಯಲ್ಲಿ ಹಣವಿರಬೇಕು. ದೊಡ್ಡ ಹಿಡುವಳಿಯವರು ಕಾದರು. ಸಣ್ಣ ಬೆಳೆಗಾರರು, ಸಾಲ ತೀರಿಸಬೇಕಾದವರು, ಮಗಳ ಮದುವೆ ನಿಶ್ಚಯಿಸಿದವರು ಸಿಕ್ಕಿದ ಬೆಲೆಗೆ ಕೊಟ್ಟರು. ಹಳೆ ಅಡಿಕೆಯ ಲಾಭ ಬೆಳೆದವನಿಗೆ ಸಿಗದೆ, ಕೂಡಿಡಬಲ್ಲವನಿಗೆ ಸಿಕ್ಕಿತು.

ಈ ಸಂಕಟದ ನಡುವೆ ಬೆಳೆಗಾರರನ್ನು ಒಗ್ಗೂಡಿಸಲು ಮುಂದಾದವರು ಅಡ್ಯನಡ್ಕದ ಬಳಿಯ ವಾರಣಾಶಿ ಸುಬ್ರಾಯ ಭಟ್ಟರು. ಅವರ ಊರು ಗಡಿಯ ಅಂಚಿನಲ್ಲೇ ಇತ್ತು. ಒಂದು ರಾಜ್ಯದ ಬೆಳೆಗಾರರಷ್ಟೇ ಸೇರಿದರೆ ಇನ್ನೊಂದು ರಾಜ್ಯದ ಅಡಿಕೆ ಅದೇ ಮಂಗಳೂರಿನಲ್ಲಿ ಕಡಿಮೆ ದರಕ್ಕೆ ಬಂದು ಬೀಳುತ್ತಿತ್ತು. ಆದುದರಿಂದ ಸಂಘ ಕಟ್ಟುವುದಾದರೆ ಎರಡೂ ರಾಜ್ಯಗಳನ್ನು ಒಳಗೊಂಡು ಕಟ್ಟಬೇಕಿತ್ತು. 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿತು. ಬೆಳೆಗಾರರ ಪಾಲಿನೊಡನೆ ಕರ್ನಾಟಕ ಮತ್ತು ಕೇರಳ ಸರ್ಕಾರಗಳೆರಡೂ ಪಾಲು ಬಂಡವಾಳ ಹೂಡಿದವು. ಭಾಷೆಯ ಆಧಾರದಲ್ಲಿ ರಾಜ್ಯಗಳು ಬೇರ್ಪಟ್ಟು ಹದಿನೇಳು ವರ್ಷವಾಗಿತ್ತು. ಗಡಿ ವಿವಾದದ ಬಿಸಿ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ಬದಿಯಡ್ಕದ ಬೆಳೆಗಾರನೂ ಪುತ್ತೂರಿನ ಬೆಳೆಗಾರನೂ ಒಂದೇ ಸಂಘದ ಸಮಾನ ಸದಸ್ಯರಾದರು. ಇಂದು ಅದರ ಸದಸ್ಯ ಬೆಳೆಗಾರರ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ.

ಇಂಥ ಸಂಘ ಮಾಡುವ ಕೆಲಸವೇನೆಂಬುದನ್ನು ಸರಿಯಾಗಿ ಗ್ರಹಿಸಬೇಕು. ಮಾರುಕಟ್ಟೆಯ ಎಲ್ಲ ಅಡಿಕೆಯನ್ನೂ ಅದು ಕೊಳ್ಳುವುದಿಲ್ಲ. ದಿನವೂ ಎಲ್ಲರಿಗಿಂತ ಹೆಚ್ಚಿನ ಬೆಲೆ ಕೊಡುವುದೂ ಇಲ್ಲ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ವಿಂಗಡಿಸಿ, ದರವನ್ನು ಬಹಿರಂಗವಾಗಿ ಪ್ರಕಟಿಸಿ, ತೂಕಕ್ಕೆ ತಕ್ಕ ಹಣ ಕೊಡುತ್ತದೆ. ಈ ಒಂದು ಕ್ರಮದಿಂದಲೇ ಪಕ್ಕದ ಅಂಗಡಿಯ ತಕ್ಕಡಿಯೂ ನೇರವಾಗುತ್ತದೆ. ಸಂಘದ ದರಪಟ್ಟಿ ಕಣ್ಣೆದುರಿಗಿರುವಾಗ ಯಾವ ವ್ಯಾಪಾರಿಯೂ ಅದಕ್ಕಿಂತ ಬಹಳ ಕೆಳಗೆ ಕೇಳಲಾರ. ಸಂಘಕ್ಕೆ ಒಂದು ಕಿಲೋ ಅಡಿಕೆಯನ್ನೂ ಕೊಡದ ಬೆಳೆಗಾರನಿಗೂ ಇದರ ಪ್ರಯೋಜನ ಸಲ್ಲುತ್ತದೆ. ಸಹಕಾರದ ಹಿರಿಮೆಯೂ ಕಷ್ಟವೂ ಇದೇ ಜಾಗದಲ್ಲಿವೆ. ಬೆಲೆ ಏರಿದ ದಿನ ಖಾಸಗಿಯವರು ಕಿಲೋಗೆ ಐದು ರೂಪಾಯಿ ಹೆಚ್ಚು ಕೊಟ್ಟರೆಂದು ಎಲ್ಲರೂ ಅತ್ತ ನಡೆದರೆ, ಬೆಲೆ ಬಿದ್ದ ದಿನ ಸಂಘದ ಬಾಗಿಲು ತೆರೆದಿರುತ್ತದೆಂದು ನಿರೀಕ್ಷಿಸುವುದು ಹೇಗೆ? ಒಳ್ಳೆಯ ದಿನ ಸದಸ್ಯರು ಬಿಟ್ಟುಕೊಡುವ ಆ ಐದು ರೂಪಾಯಿ ಕೆಟ್ಟ ದಿನದ ವಿಮೆಯ ಕಂತು.

ಕೊಕ್ಕೋದ ಕಥೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. 1970ರ ದಶಕದಲ್ಲಿ ಅಡಿಕೆ ತೋಟಗಳ ನೆರಳಿನಲ್ಲಿ ಕೊಕ್ಕೋವನ್ನು ಉಪಬೆಳೆಯಾಗಿ ಬೆಳೆಯಲು ಉತ್ತೇಜನ ದೊರೆಯಿತು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಅದರ ವಿಟ್ಲದ ಕೇಂದ್ರ ಬೇಸಾಯದ ಕ್ರಮವನ್ನು ಅಧ್ಯಯನ ಮಾಡಿದವು. ಖಾಸಗಿ ಖರೀದಿದಾರರು ಬೀಜ ಕೊಳ್ಳುವ ಭರವಸೆ ನೀಡಿದರು. ಗಡಿಯ ಎರಡೂ ಕಡೆ ರೈತರು ಗಿಡ ನೆಟ್ಟರು. ಗಿಡಗಳು ಫಲ ಕೊಡಲು ತೊಡಗಿದ ಹೊತ್ತಿಗೆ, 1980ರ ಸುಮಾರಿಗೆ, ವಿಶ್ವ ಮಾರುಕಟ್ಟೆಯಲ್ಲಿ ಕೊಕ್ಕೋದ ಬೆಲೆ ಇಳಿಯಿತು. ಖಾಸಗಿ ಖರೀದಿ ಹಿಂದೆ ಸರಿಯಿತು.

ಅಡಿಕೆಯನ್ನು ಕೂಡಿಡಬಹುದು, ಕೊಕ್ಕೋವನ್ನು ಹಾಗೆ ಇಡಲಾಗುವುದಿಲ್ಲ. ಹಣ್ಣು ಒಡೆದ ಮೇಲೆ ಹಸಿ ಬೀಜವನ್ನು ಬೇಗನೆ ಹುದುಗಲು ಹಾಕಬೇಕು, ಐದಾರು ದಿನ ಮಗುಚುತ್ತ ಹುದುಗಿಸಿ ಬಳಿಕ ಒಣಗಿಸಬೇಕು. ಹೀಗಾಗಿ ಹೆಚ್ಚಿನ ಸಣ್ಣ ಬೆಳೆಗಾರರು ಹಸಿ ಬೀಜವನ್ನೇ ಮಾರುತ್ತಾರೆ. ಕೊಳ್ಳುವವನು ಇಲ್ಲದಿದ್ದರೆ ಆ ದಿನದ ಫಸಲು ಆ ದಿನವೇ ಗೊಬ್ಬರ. ಈ ಸ್ಥಿತಿಯಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೊ ಕೊಕ್ಕೋ ಖರೀದಿಗೂ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಒಡನೆಯೇ ಎದ್ದಿತು. ಬೀಜವನ್ನು ಬೀಜವಾಗಿಯೇ ಮಾರುವವನು ಎಂದೆಂದಿಗೂ ದೂರದ ಮಾರುಕಟ್ಟೆಯ ಆಶ್ರಿತ. ಅದಕ್ಕೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಆರಂಭವಾಯಿತು. ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಗಡಿನಾಡಿನ ಮಗುವೊಂದು ಅಂಗಡಿಯಲ್ಲಿ ಕೊಳ್ಳುವ ಚಾಕಲೇಟಿನಲ್ಲಿ ತನ್ನ ಅಜ್ಜನ ತೋಟದ ಬೀಜವೂ ಇರಬಹುದೆಂಬ ಸ್ಥಿತಿ ನಿರ್ಮಾಣವಾಯಿತು.

ಪಶ್ಚಿಮ ಆಫ್ರಿಕದ ದೇಶಗಳಲ್ಲಿ ಹವಾಮಾನ ಮತ್ತು ರೋಗಗಳ ಕಾರಣದಿಂದ ಬೆಳೆ ಕುಂದಿದಾಗ, 2024ರ ಮಾರ್ಚ್‌ನಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಕೊಕ್ಕೋದ ಬೆಲೆ ಟನ್ನಿಗೆ 10,000 ಡಾಲರನ್ನು ದಾಟಿತು. ಕಷ್ಟದ ದಿನಗಳಲ್ಲಿ ಗಿಡ ಕಡಿಯದೆ ಉಳಿಸಿಕೊಂಡವರಿಗೆ ಅದರ ಫಲ ಸಿಕ್ಕಿತು. ಬಳಿಕ ಬೆಲೆ ಮತ್ತೆ ಇಳಿಯಿತು. ಘಾನಾದ ಮಳೆ ಪೆರ್ಲದ ಮನೆಯ ಆದಾಯವನ್ನು ಏರಿಸಬಲ್ಲದು, ಇಳಿಸಲೂ ಬಲ್ಲದು. ಆ ಏರಿಳಿತವನ್ನು ತಡೆಯುವ ಶಕ್ತಿ ಯಾವ ಸಂಘಕ್ಕೂ ಇಲ್ಲ. ಅದರ ನಡುವೆ ಗಿಡ ಕಡಿಯದಂತೆ ಬೆಳೆಗಾರನನ್ನು ನಿಲ್ಲಿಸುವ ಶಕ್ತಿ ಇದೆ.

ಇದು ಈ ನೆಲಕ್ಕೆ ಹೊಸ ವಿದ್ಯೆಯಲ್ಲ. ಬ್ರಿಟಿಷರ ಕಾಲದಲ್ಲಿ ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಜರ್ಮನಿಯೇ ಮೊದಲಾದ ಯುರೋಪಿನ ದೇಶಗಳ ಗ್ರಾಮೀಣ ಬ್ಯಾಂಕುಗಳನ್ನು ಅಭ್ಯಸಿಸಿ ವರದಿ ನೀಡಿದರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರ ಸಂಘವನ್ನು ಕಟ್ಟಿ, 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಅಡಿಪಾಯ ಹಾಕಿದರು. ಕಾಸರಗೋಡು ಆಗ ಅದೇ ಜಿಲ್ಲೆಯ ಒಂದು ತಾಲೂಕು. ಆದುದರಿಂದ ಮೊಳಹಳ್ಳಿಯವರ ಪರಂಪರೆಗೆ ಗಡಿಯ ಈಚೆಯ ಕನ್ನಡಿಗರೂ ಹಕ್ಕುದಾರರು. ಶಿವರಾಯರು ಸಂಘಗಳ ಜೊತೆಜೊತೆಗೆ ಶಾಲೆಗಳಿಗಾಗಿ, ಪುಸ್ತಕಗಳಿಗಾಗಿ ದುಡಿದವರು ಎಂಬುದನ್ನು ಮರೆಯಬಾರದು. ಓದಲು ಬಾರದ ಸದಸ್ಯರ ಸಂಘ ಬಹುಕಾಲ ಬಾಳದೆಂಬುದು ಆ ಪೀಳಿಗೆಗೆ ಗೊತ್ತಿತ್ತು.

ತೋಟವಿದ್ದವರ ಮಾತು ಇಷ್ಟಾಯಿತು. ತುಂಡು ಭೂಮಿಯೂ ಇಲ್ಲದವರ ಪಾಡೇನು? ಉತ್ತರ ಕೇರಳದ ಇನ್ನೊಂದು ಉದಾಹರಣೆ ಇದಕ್ಕೆ ಉತ್ತರ ಕೊಡುತ್ತದೆ. ಬೀಡಿ ಕಾರ್ಮಿಕರಿಗೆ ರಜೆ, ದುಡಿಮೆಯ ಅವಧಿ, ಸುರಕ್ಷಿತ ಕೆಲಸದ ಜಾಗ ಮುಂತಾದ ಹಕ್ಕುಗಳನ್ನು ನೀಡುವ ಕಾಯಿದೆಯೊಂದು 1966ರಲ್ಲಿ ಬಂದಿತು. ಅದನ್ನು ಜಾರಿಗೊಳಿಸುವ ಸಂದರ್ಭದಲ್ಲಿ, 1968ರಲ್ಲಿ, ಮಂಗಳೂರು ಮೂಲದ ದೊಡ್ಡ ಬೀಡಿ ಮಾಲಕರು ಕಣ್ಣೂರಿನ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಮರುವರ್ಷ, 1969ರ ಫೆಬ್ರವರಿಯಲ್ಲಿ, ಆ ಕಾರ್ಮಿಕರೇ ಸದಸ್ಯರಾಗಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಆರಂಭವಾಯಿತು. ಸರ್ಕಾರ ಬಂಡವಾಳದ ನೆರವು ನೀಡಿತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ; ಅಲ್ಲಿಯ ತನಕ ಅದು ಕಣ್ಣೂರು ಜಿಲ್ಲೆಯ ಭಾಗವಾಗಿತ್ತು. ಕಾಯಿದೆ ಹೇಳಿದ ಹಕ್ಕುಗಳನ್ನು ಕೊಟ್ಟರೆ ಉದ್ಯಮ ನಡೆಯದು ಎಂದು ಮಾಲಕರು ಹೇಳಿದ್ದರು. ಹಕ್ಕುಗಳನ್ನು ಕೊಟ್ಟೂ ಉದ್ಯಮವನ್ನು ನಡೆಸಬಹುದೆಂದು ಕಾರ್ಮಿಕರು ತೋರಿಸಿದರು. ಒಂದು ಕಾಲಕ್ಕೆ ಅಲ್ಲಿ 40,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಉತ್ತರ ಮಲಬಾರಿನ ಬೀಡಿ ಕೇಂದ್ರಗಳಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಎಲೆ ಸುರುಳುತ್ತ ಕೇಳುವುದು ಒಂದು ಪದ್ಧತಿಯೇ ಆಗಿತ್ತು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮಂದಿ ಅಲ್ಲಿ ಲೋಕವನ್ನು ಅರಿತರು.

ಈ ಎರಡು ಸಂಸ್ಥೆಗಳ ನಡುವೆ ಒಂದು ಸಾಮ್ಯವಿದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎರಡೂ ನಿಂತಿರುವುದು ಜನರ ಆರೋಗ್ಯಕ್ಕೆ ಹಿತವಲ್ಲದ ಪದಾರ್ಥಗಳ ಮೇಲೆ. ಬೀಡಿಯ ಹಾನಿ ಎಲ್ಲರಿಗೂ ಗೊತ್ತು. ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರು ಇದನ್ನು ಒಪ್ಪಲಿ ಬಿಡಲಿ, ಒಂದು ದಿನ ಬೇಡಿಕೆ ಕುಗ್ಗಬಹುದೆಂಬ ಸಾಧ್ಯತೆಯನ್ನು ಕಡೆಗಣಿಸುವಂತಿಲ್ಲ. ಬೀಡಿಗೆ ಆ ದಿನ ಈಗಾಗಲೇ ಬಂದಿದೆ. ಬೇಡಿಕೆ ತಗ್ಗಿದಂತೆ ದಿನೇಶ್ ಸಂಘ ತೆಂಗಿನ ಹಾಲು, ಸಾಂಬಾರ ಪುಡಿ, ಕೊಡೆ, ಸಿದ್ಧ ಉಡುಪುಗಳತ್ತ ತಿರುಗಿತು. ಕ್ಯಾಂಪ್ಕೊ ಕೊಕ್ಕೋದೊಂದಿಗೆ ಕಾಳುಮೆಣಸು, ರಬ್ಬರ್, ತೆಂಗುಗಳ ವ್ಯವಹಾರಕ್ಕೂ ಕೈಹಾಕಿತು. ಬಿಡಿಬಿಡಿಯಾಗಿದ್ದರೆ ಒಬ್ಬ ಬೀಡಿ ಕಾರ್ಮಿಕ ಮಹಿಳೆಗೆ ಕೊಡೆಯ ಕಾರ್ಖಾನೆ ತೆರೆಯಲು ಸಾಧ್ಯವಿಲ್ಲ, ಒಬ್ಬ ಬೆಳೆಗಾರನಿಗೆ ಚಾಕಲೇಟ್ ಯಂತ್ರ ತರಿಸಲು ಸಾಧ್ಯವಿಲ್ಲ. ಕಸುಬು ಬದಲಿಸುವ ಶಕ್ತಿ ಒಬ್ಬೊಬ್ಬರಿಗೆ ಇರುವುದಿಲ್ಲ, ಕೂಡಿದವರಿಗೆ ಇರುತ್ತದೆ. ಊರೊಂದರ ಆರ್ಥಿಕತೆ ಗಟ್ಟಿಯಾಗಿದೆ ಎಂದರೆ ಅಲ್ಲಿ ಹಣ ಹೆಚ್ಚಿದೆ ಎಂದು ಅರ್ಥವಲ್ಲ. ಪೆಟ್ಟು ಬಿದ್ದಾಗ ಬೇರೆ ದಾರಿ ಹಿಡಿಯಲು ಬೇಕಾದ ಒಗ್ಗಟ್ಟು ಮೊದಲೇ ಸಿದ್ಧವಿದೆ ಎಂದು ಅರ್ಥ.

ಹಾಗೆಂದು ಸಹಕಾರ ಎಂಬ ಹೆಸರು ಹೊತ್ತದ್ದೆಲ್ಲ ಒಳ್ಳೆಯದಾಗಿರುವುದಿಲ್ಲ. ಕೇರಳದ ತ್ರಿಶೂರು ಜಿಲ್ಲೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೋಟಿಗಟ್ಟಲೆ ರೂಪಾಯಿಯ ಸಾಲದ ಅವ್ಯವಹಾರ 2021ರಲ್ಲಿ ಬೆಳಕಿಗೆ ಬಂದಿತು. ಜೀವಮಾನದ ಉಳಿತಾಯವನ್ನು ಅಲ್ಲಿಟ್ಟವರು ತಮ್ಮದೇ ಹಣಕ್ಕಾಗಿ ಬಾಗಿಲಲ್ಲಿ ಕಾಯಬೇಕಾಯಿತು. ಇಂಥ ಸಂದರ್ಭಗಳಲ್ಲಿ ತಪ್ಪು ಮಾಡಿದವರು ಕೆಲವರೇ ಆಗಿದ್ದರೂ, ಅದಕ್ಕೆ ಅವಕಾಶ ದೊರೆಯುವುದು ಲೆಕ್ಕ ಕೇಳುವವರಿಲ್ಲದಾಗ. ವಾರ್ಷಿಕ ಮಹಾಸಭೆಯ ನೋಟಿಸು ಅಂಚೆಯಲ್ಲಿ ಬರುತ್ತದೆ, ಮೇಜಿನ ಮೇಲೆ ಉಳಿಯುತ್ತದೆ. ಸಭೆಗೆ ಹೋದವರು ಚಹಾ ಕುಡಿದು ಸಹಿ ಹಾಕಿ ಮರಳುತ್ತಾರೆ. ಆಯವ್ಯಯ ಪಟ್ಟಿಯಲ್ಲಿ ವಸೂಲಾಗದ ಸಾಲ ಎಷ್ಟು, ಅದಕ್ಕಾಗಿ ತೆಗೆದಿಟ್ಟ ಹಣ ಎಷ್ಟು ಎಂದು ಕೇಳುವವರು ವಿರಳ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಗಾದೆ. ಸಂಘಗಳ ವಿಷಯದಲ್ಲಿ ಅದು ಅಕ್ಷರಶಃ ನಿಜ. ಐವತ್ತು ವರ್ಷಗಳಲ್ಲಿ ಗಳಿಸಿದ ನಂಬಿಕೆಯನ್ನು ಒಂದು ಸುಳ್ಳು ಲೆಕ್ಕ ಕಳೆಯಬಲ್ಲದು.

ಗಡಿನಾಡಿನ ಕನ್ನಡ ಮನೆಗಳಿಗೆ ಇಲ್ಲಿ ಒಂದು ಹೆಚ್ಚಿನ ತೊಡಕಿದೆ. ಹಳ್ಳಿಯ ಸರ್ವಿಸ್ ಸಹಕಾರಿ ಬ್ಯಾಂಕಿನ ಉಪನಿಯಮ, ಸಾಲದ ಕರಾರು, ಸಭೆಯ ನಡಾವಳಿಗಳು ಎಷ್ಟೋ ಕಡೆ ಮಲಯಾಳದಲ್ಲಿ ಇರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ತಮಗೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕುತ್ತಾರೆ. ಇದಕ್ಕೆ ಪರಿಹಾರ ಎರಡು ಕಡೆಯಿಂದ ಬರಬೇಕು. ಕನ್ನಡ ಸದಸ್ಯರಿರುವ ಸಂಘಗಳು ನೋಟಿಸು ಮತ್ತು ವರದಿಗಳನ್ನು ಕನ್ನಡದಲ್ಲಿಯೂ ಕೊಡಬೇಕೆಂದು ಮಹಾಸಭೆಯಲ್ಲಿ ಎದ್ದು ನಿಂತು ಕೇಳುವುದು ಒಂದು. ಈ ಮಾತು ಒಬ್ಬರಿಂದ ಬಂದರೆ ಮನವಿ, ಐವತ್ತು ಸದಸ್ಯರಿಂದ ಬಂದರೆ ನಿರ್ಣಯ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಮಲಯಾಳವನ್ನೂ ಓದಿ ಅರ್ಥಮಾಡಿಕೊಳ್ಳುವಷ್ಟು ಕಲಿಯುವುದು ಇನ್ನೊಂದು. ನೆರೆಯ ಭಾಷೆಯನ್ನು ಅರಿತವರು ತಮ್ಮ ಭಾಷೆಯ ಹಕ್ಕನ್ನು ಹೆಚ್ಚು ಚೆನ್ನಾಗಿ ಕೇಳಬಲ್ಲರು.

ಈ ಅಭ್ಯಾಸ ಶುರುವಾಗಬೇಕಾದ ಜಾಗ ದೂರವಿಲ್ಲ. ಕೇರಳದ ಶಾಲೆಗಳಲ್ಲಿ ಪಠ್ಯಪುಸ್ತಕಗಳು ಮಕ್ಕಳ ಕೈಸೇರುವುದು ಬಹುಮಟ್ಟಿಗೆ ಶಾಲಾ ಸಹಕಾರ ಸಂಘಗಳ ಮೂಲಕ. ಕನ್ನಡ ಪುಸ್ತಕ ಬಾರದೆ ತರಗತಿ ಆರಂಭವಾದ ವರ್ಷಗಳ ಬೇಸರ ಹೆತ್ತವರಿಗೆ ಗೊತ್ತಿದೆ. ಆದರೆ ಪುಸ್ತಕದ ಬೇಡಿಕೆಯ ಪಟ್ಟಿ ಯಾವಾಗ ಹೋಯಿತು, ಎಷ್ಟು ಪ್ರತಿ ಕೇಳಲಾಯಿತು ಎಂದು ವಿಚಾರಿಸುವವರು ಕಡಿಮೆ. ಶಾಲೆಯ ಸೊಸೈಟಿಯನ್ನು ಅಧ್ಯಾಪಕರೊಬ್ಬರ ಮೇಲೆ ಹೊರಿಸಿದ ಹೆಚ್ಚುವರಿ ಹೊರೆಯೆಂದು ಭಾವಿಸದೆ, ಮಕ್ಕಳಿಗೆ ಒಂದು ಪಾಠಶಾಲೆಯಾಗಿ ಮಾಡಬಹುದು. ನೋಟ್‌ಪುಸ್ತಕ, ಪೆನ್ಸಿಲುಗಳ ಖರೀದಿ ದರ ಮತ್ತು ಮಾರಾಟ ದರವನ್ನು ಮಕ್ಕಳೇ ಬರೆಯಲಿ. ವರ್ಷದ ಕೊನೆಯಲ್ಲಿ ಉಳಿದದ್ದೆಷ್ಟು, ಅದನ್ನು ಏನು ಮಾಡಬೇಕು ಎಂದು ಅವರೇ ಚರ್ಚಿಸಿ ಕೈಯೆತ್ತಿ ತೀರ್ಮಾನಿಸಲಿ. ಹಣವಂತನ ಮಗನಿಗೂ ಕೂಲಿಯವನ ಮಗಳಿಗೂ ಒಂದೊಂದೇ ಮತ ಎಂಬುದನ್ನು ಅಲ್ಲಿ ಅವರು ಕಣ್ಣಾರೆ ಕಾಣುತ್ತಾರೆ. ಏಳನೆಯ ತರಗತಿಯಲ್ಲಿ ನಲವತ್ತು ರೂಪಾಯಿಯ ಲೆಕ್ಕ ಕೇಳಲು ಕಲಿತವರು ನಲವತ್ತನೆಯ ವಯಸ್ಸಿನಲ್ಲಿ ನಲವತ್ತು ಕೋಟಿಯ ಲೆಕ್ಕ ಕೇಳಲು ಹಿಂಜರಿಯಲಾರರು.

ಮನೆಗಳಲ್ಲಿಯೂ ಈ ಪಾಠ ಈಗಾಗಲೇ ನಡೆಯುತ್ತಿದೆ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕೂಟಗಳಲ್ಲಿ ತಾಯಂದಿರು ವಾರವಾರವೂ ಸೇರಿ ಸಣ್ಣ ಮೊತ್ತವನ್ನು ಕೂಡಿಸಿ, ಪುಸ್ತಕದಲ್ಲಿ ಬರೆದು, ಸಾಲ ಯಾರಿಗೆ ಮೊದಲು ಎಂದು ನಿರ್ಧರಿಸುತ್ತಾರೆ. ಆ ಪುಸ್ತಕವನ್ನು ಬರೆಯುವಾಗ ಪಕ್ಕದಲ್ಲಿ ಕುಳಿತ ಮಗುವಿಗೆ ಬೇರೆ ಅರ್ಥಶಾಸ್ತ್ರದ ಪಾಠ ಬೇಕಾಗಿಲ್ಲ.

ಬೆಳೆಗಾರರ ಮಕ್ಕಳಲ್ಲಿ ಅನೇಕರು ಇಂದು ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಿದ್ದಾರೆ. ತಂದೆಯ ಹೆಸರಿನಲ್ಲಿದ್ದ ಪಾಲುಪತ್ರ ಕಪಾಟಿನಲ್ಲಿ ಉಳಿದು, ಅವರ ಕಾಲಾನಂತರ ಅದು ಏನೆಂದು ತಿಳಿಯದೆ ಹೋಗುವ ಮನೆಗಳು ಹೆಚ್ಚುತ್ತಿವೆ. ಒಂದು ಸದಸ್ಯತ್ವ ಹೀಗೆ ಕಳೆದುಹೋದರೆ ಸಂಘಕ್ಕೆ ತಕ್ಷಣ ನಷ್ಟವೇನೂ ಕಾಣದು. ಸಾವಿರ ಸದಸ್ಯತ್ವಗಳು ಹೀಗೆ ಕಳೆದಾಗ ಸಂಘದ ಹೆಸರಫಲಕ ಉಳಿಯುತ್ತದೆ, ಒಳಗೆ ಕೇಳುವವರು ಉಳಿಯುವುದಿಲ್ಲ. ಈ ರಜೆಯಲ್ಲಿ ಅಜ್ಜನ ಕಪಾಟಿನಿಂದ ಆ ಪಾಲುಪತ್ರವನ್ನು ಹೊರತೆಗೆದು, ಅದರ ಮೇಲಿನ ವರ್ಷವನ್ನು ಮಕ್ಕಳಿಂದ ಓದಿಸಿ, ಆ ವರ್ಷ ಅಡಿಕೆಗೆ ಎಷ್ಟು ಬೆಲೆ ಇತ್ತೆಂದು ಅಜ್ಜನನ್ನು ಕೇಳಿಸುವುದು ಒಳ್ಳೆಯದು. ಮುಂದಿನ ಮಹಾಸಭೆಗೆ ಅಜ್ಜ ಹೊರಟಾಗ ಮೊಮ್ಮಗಳೂ ಜೊತೆಯಲ್ಲಿ ಹೋಗಲಿ. ಹಿಂದಿನ ಬೆಂಚಿನಲ್ಲಿ ಕುಳಿತು ಲೆಕ್ಕಪತ್ರವನ್ನು ಓದುವುದಕ್ಕೆ ಯಾವ ಸಂಘವೂ ಅಡ್ಡಿ ಮಾಡಲಾರದು.